ಹಿಂಡಿದ ಮೀನು, ಬೆಣ್ಣೆ ಸವರಿದ ಬ್ರೆಡ್ಡು

— ಟ್ಯೂನಾ ಸ್ಯಾಂಡ್‌ವಿಚ್ ಅಂದರೆ ನನಗೆ ಈಗಲೂ ಮನಸ್ಸು ಹಿಂದೇಟು ಹಾಕುತ್ತದೆ. ಯೂನಿವರ್ಸಿಟಿ ಕ್ಯಾಂಟೀನಿನಲ್ಲಿ ತಿಂದಿದ್ದೆ. ತಣ್ಣಗೆ ಒದ್ದೆಯಾದ ಬ್ರೆಡ್ಡು, ನಡುವೆ ಬೂದು ಬಣ್ಣದ ಮುದ್ದೆ. ಅರ್ಧಕ್ಕೇ ಬಿಟ್ಟೆ. ಮಂಗಳೂರಿನವನು ನಾನು, ಮೀನಿಲ್ಲದೆ ಊಟ ಸೇರುವುದಿಲ್ಲ. ಆದರೂ ಅದನ್ನು ಮತ್ತೆ ಮುಟ್ಟಬೇಕು ಅನ್ನಿಸಲಿಲ್ಲ.

— ನಿನಗೆ ಸಿಕ್ಕಿದ್ದರಲ್ಲಿ ನೀರೇ ಹೆಚ್ಚಿತ್ತು. ಮೀನಿನ ನೀರು, ಈರುಳ್ಳಿಯ ನೀರು, ಸೆಲರಿಯ ನೀರು, ಎಲ್ಲವೂ ಬ್ರೆಡ್ಡಿಗೆ ಇಳಿದು ಗಂಟೆಗಟ್ಟಲೆ ಕೂತಿತ್ತು. ಅಮೆರಿಕಕ್ಕೆ ಬಂದಮೇಲೆ ನಾನು ಕಲಿತ ಅಡುಗೆಗಳಲ್ಲಿ ಇಂದಿಗೂ ಆಸೆಪಟ್ಟು ಮಾಡುವುದು ಇದನ್ನು. ಇದರ ಗುಟ್ಟೆಲ್ಲ ಇಷ್ಟೇ: ನೀರು ಎಲ್ಲಿ ಬೇಡ, ಜಿಡ್ಡು ಎಲ್ಲಿ ಬೇಕು ಅನ್ನುವುದನ್ನು ತಿಳಿದಿರಬೇಕು. ಬಾ, ಕೈ ತೊಳೆದುಕೊ. ಡಬ್ಬಿ ಬಿಚ್ಚುವ ಮೊದಲು ಅದರ ಮೇಲೇನು ಬರೆದಿದೆ ಓದು.

— ಒಂದರ ಮೇಲೆ ಸಾಲಿಡ್ ವೈಟ್ ಅಂತಿದೆ. ಇನ್ನೊಂದರ ಮೇಲೆ ಚಂಕ್ ಲೈಟ್. ಎರಡೂ ಟ್ಯೂನಾ ತಾನೆ?

— ಮೀನೇ ಬೇರೆ. ಅಮೆರಿಕದ ನಿಯಮದ ಪ್ರಕಾರ ವೈಟ್ ಅಂತ ಹಾಕಬೇಕಾದರೆ ಒಳಗಿರುವುದು ಆಲ್ಬಕೋರ್ ಒಂದೇ ಆಗಿರಬೇಕು. ಲೈಟ್ ಡಬ್ಬಿಯಲ್ಲಿ ಹೆಚ್ಚಾಗಿ ಸ್ಕಿಪ್‌ಜ್ಯಾಕ್, ಕೆಲವೊಮ್ಮೆ ಯೆಲ್ಲೋಫಿನ್. ಆಲ್ಬಕೋರ್ ಬೆಳ್ಳಗೆ, ಗಟ್ಟಿಯಾಗಿ, ದೊಡ್ಡ ಪದರುಗಳಾಗಿ ಬಿಡಿಸಿಕೊಳ್ಳುತ್ತದೆ, ರುಚಿ ಮೆದು. ಸ್ಕಿಪ್‌ಜ್ಯಾಕ್ ಸ್ವಲ್ಪ ಕೆಂಚಗೆ, ಮೆತ್ತಗೆ, ಮೀನಿನ ರುಚಿ ಎದ್ದು ಕಾಣುತ್ತದೆ. ನಿಮ್ಮ ಕಡೆ ಕೇದರ್ ಅಂತ ಮಾರುತ್ತಾರಲ್ಲ, ಆ ಬಳಗದ್ದು. ನಾನು ಎರಡನ್ನೂ ಒಂದೊಂದು ಡಬ್ಬಿ ತೆಗೆದುಕೊಂಡು ಬೆರೆಸುತ್ತೇನೆ. ಒಂದರಿಂದ ಹಲ್ಲಿಗೆ ಸಿಗುವ ತುಂಡು ಬರುತ್ತದೆ, ಇನ್ನೊಂದರಿಂದ ರುಚಿ.

— ಪಾದರಸದ ವಿಷಯ? ನಮ್ಮ ಲ್ಯಾಬಿನಲ್ಲಿ ಯಾರೋ ಟ್ಯೂನಾ ತಿನ್ನಲೇಬಾರದು ಅಂದರು.

— ತಿನ್ನಲೇಬಾರದು ಅಂತ ಯಾರೂ ಹೇಳಿಲ್ಲ, ಲೆಕ್ಕ ಇಟ್ಟು ತಿನ್ನಬೇಕು. ಆಲ್ಬಕೋರ್ ದೊಡ್ಡದಾಗಿ ಬೆಳೆಯುವ, ಹೆಚ್ಚು ವರ್ಷ ಬದುಕುವ ಬೇಟೆಗಾರ ಮೀನು. ತಿಂದ ಮೀನುಗಳಲ್ಲಿದ್ದ ಪಾದರಸವೆಲ್ಲ ಅದರ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಇಲ್ಲಿನ ಆಹಾರ ಇಲಾಖೆಯ ಪರೀಕ್ಷೆಗಳಲ್ಲಿ ಲೈಟ್ ಡಬ್ಬಿಯ ಸರಾಸರಿ ಹತ್ತು ಲಕ್ಷ ಭಾಗಕ್ಕೆ 0.126, ಆಲ್ಬಕೋರಿನದು 0.350. ಅಂದರೆ ಸುಮಾರು ಮೂರು ಪಟ್ಟು. ಅದಕ್ಕೇ ಬಸುರಿಯರಿಗೆ, ಹಾಲೂಡಿಸುವವರಿಗೆ ಲೈಟ್ ಆದರೆ ವಾರಕ್ಕೆ ಎರಡು ಮೂರು ಸಲ, ಆಲ್ಬಕೋರ್ ಆದರೆ ಒಂದೇ ಸಲ, ಆ ವಾರ ಬೇರೆ ಮೀನು ಬೇಡ ಅನ್ನುತ್ತಾರೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನಾನು ಲೈಟ್ ಡಬ್ಬಿಯನ್ನೇ ತರುತ್ತೇನೆ.

— ಇಷ್ಟೆಲ್ಲ ಯೋಚಿಸುವ ಬದಲು ತಾಜಾ ಟ್ಯೂನಾ ತಂದು ಬೇಯಿಸಿದರೆ ಆಗದೇ?

— ಆಗುತ್ತದೆ, ಚೆನ್ನಾಗಿಯೂ ಇರುತ್ತದೆ. ಆದರೆ ಅದು ಬೇರೆಯೇ ತಿನಿಸು. ಈ ಸ್ಯಾಂಡ್‌ವಿಚ್ ಹುಟ್ಟಿದ್ದೇ ಡಬ್ಬಿಯಿಂದ. ಕ್ಯಾಲಿಫೋರ್ನಿಯಾದ ಸ್ಯಾನ್ ಪೀಡ್ರೊ ಬಂದರಿನಲ್ಲಿ ಸಾರ್ಡೀನ್ ಡಬ್ಬಿಗೆ ತುಂಬುವ ಕಾರ್ಖಾನೆ ಇತ್ತು. ಸಾರ್ಡೀನ್ ಅಂದರೆ ನಿಮ್ಮ ಬೂತಾಯಿಯ ಬಳಗ. 1903ರಲ್ಲಿ ಸಾರ್ಡೀನ್ ಸಿಗುವುದು ಕಡಿಮೆಯಾಗಿ ಕೆಲಸ ನಿಲ್ಲುವ ಹಾಗಾಯಿತು. ಆಗ ಆಲ್ಬರ್ಟ್ ಹಾಫ್‌ಹಿಲ್ ಅನ್ನುವವನು ಖಾಲಿ ಡಬ್ಬಿಗಳಿಗೆ ಆಲ್ಬಕೋರ್ ತುಂಬಿ ನೋಡಿದ. ಹಬೆಯಲ್ಲಿ ಬೇಯಿಸಿದರೆ ಅದರ ಮಾಂಸ ಬೆಳ್ಳಗಾಗುತ್ತದೆ, ತಿಂದರೆ ಕೋಳಿಯ ನೆನಪಾಗುತ್ತದೆ. ಮೀನಿನ ವಾಸನೆಗೆ ಮುಖ ಸಿಂಡರಿಸುತ್ತಿದ್ದ ಅಮೆರಿಕದ ಮನೆಗಳಿಗೆ ಅದು ಹೀಗೆ ಒಳಗೆ ಬಂತು. ಮೊದಲ ಮಹಾಯುದ್ಧದ ಹೊತ್ತಿಗೆ ಸೈನಿಕರ ಊಟಕ್ಕೂ ಹೋಯಿತು. ನಿನ್ನೆಯ ಕೋಳಿಯನ್ನೋ ಮೀನನ್ನೋ ಮೇಯನೇಸಿನಲ್ಲಿ ಕಲಸಿ ಲೆಟ್ಯೂಸ್ ಎಲೆಯ ಮೇಲಿಡುವ ರೂಢಿ ಇಲ್ಲಿ ಮೊದಲೇ ಇತ್ತು. ಡಬ್ಬಿಯ ಮೀನು ಆ ಜಾಗಕ್ಕೆ ಸಲೀಸಾಗಿ ಹೊಂದಿತು.

— ಅಂದರೆ ಡಬ್ಬಿಗೆ ಹಾಕುವ ಮೊದಲೇ ಬೇಯಿಸುತ್ತಾರೆ?

— ಬೇಯಿಸುತ್ತಾರೆ. ನಮಗೆ ಬೇಕಾದ ಮಾತು ಇದೇ, ಸರಿಯಾಗಿ ಕೇಳು. ಹಿಡಿದ ಮೀನನ್ನು ಹಡಗಿನಲ್ಲೇ ಹೆಪ್ಪುಗಟ್ಟಿಸಿ ತರುತ್ತಾರೆ. ಕಾರ್ಖಾನೆಯಲ್ಲಿ ಮಂಜು ಕರಗಿಸಿ ಇಡಿಯಾಗಿ ಹಬೆಯಲ್ಲಿ ಬೇಯಿಸುತ್ತಾರೆ. ಆರಿದ ಮೇಲೆ ಚರ್ಮ ಸುಲಿದು, ಮುಳ್ಳು ಬಿಡಿಸಿ, ಕಡುಗೆಂಪು ಮಾಂಸವನ್ನು ಬೇರೆ ಮಾಡುತ್ತಾರೆ. ಅದು ಬೆಕ್ಕಿನ ಆಹಾರಕ್ಕೆ ಹೋಗುತ್ತದೆ. ಉಳಿದ ಮಾಂಸವನ್ನು ಡಬ್ಬಿಗೆ ತುಂಬಿ, ಉಪ್ಪು ಹಾಕಿ, ನೀರನ್ನೋ ಎಣ್ಣೆಯನ್ನೋ ತರಕಾರಿ ರಸವನ್ನೋ ಸುರಿದು ಮುಚ್ಚುತ್ತಾರೆ. ಆಮೇಲೆ ಮುಚ್ಚಿದ ಡಬ್ಬಿಯನ್ನೇ ಒತ್ತಡದಲ್ಲಿ, ಕುದಿಯುವ ನೀರಿಗಿಂತ ಹೆಚ್ಚಿನ ಬಿಸಿಯಲ್ಲಿ ಇನ್ನೊಮ್ಮೆ ಬೇಯಿಸುತ್ತಾರೆ. ಬಾಟ್ಯುಲಿಸಂ ತರುವ ಸೂಕ್ಷ್ಮಾಣು ಸಾಯುವುದು ಆ ಬಿಸಿಗೆ. ಹೀಗೆ ನಮ್ಮ ಕೈಗೆ ಬರುವ ಹೊತ್ತಿಗೆ ಮೀನು ಎರಡು ಸಲ ಬೆಂದಿರುತ್ತದೆ. ಅದರ ಸ್ವಂತ ರಸ, ಸ್ವಂತ ಜಿಡ್ಡು ಬಹುಪಾಲು ಹೋಗಿರುತ್ತದೆ. ಎಳೆ ಒಣಗಿದೆ, ಸುತ್ತ ನೀರು ನಿಂತಿದೆ. ಆ ನೀರನ್ನು ತೆಗೆದು ಆ ಎಳೆಗೆ ಜಿಡ್ಡು ಕುಡಿಸುವುದೇ ನಮ್ಮ ಕೆಲಸ.

— ಹಾಗಾದರೆ ಎಣ್ಣೆಯಲ್ಲಿಟ್ಟ ಡಬ್ಬಿ ತಂದರೆ ಸುಲಭ.

— ಆಲಿವ್ ಎಣ್ಣೆಯಲ್ಲಿಟ್ಟ ಇಟಲಿಯ, ಸ್ಪೇನಿನ ಡಬ್ಬಿ ಸಿಕ್ಕಿದರೆ ಸುಲಭವೂ ಹೌದು, ರುಚಿಯೂ ಹೌದು. ಎಣ್ಣೆ ಬಸಿದು ಎರಡು ಚಮಚ ಉಳಿಸಿಕೊಂಡರೆ ಸಾಕು. ಆದರೆ ಬೆಲೆ ಜಾಸ್ತಿ. ಅಗ್ಗದ ಡಬ್ಬಿಯಲ್ಲಿರುವುದು ಹೆಚ್ಚಾಗಿ ಸೋಯಾ ಎಣ್ಣೆ, ಅದರ ಬದಲು ನೀರಿನದನ್ನು ತಂದು ನನಗೆ ಬೇಕಾದ ಎಣ್ಣೆ ನಾನೇ ಹಾಕುತ್ತೇನೆ. ಈಗ ಬಿಚ್ಚು. ಮುಚ್ಚಳದಿಂದಲೇ ಒತ್ತಿ ನೀರು ಬಸಿ. ಬಸಿದಾಯಿತು ಅಂತ ನಂಬಬೇಡ, ಜರಡಿಗೆ ಸುರಿ. ಇನ್ನು ಒಂದು ಹಿಡಿ ಅಂಗೈಯಲ್ಲಿ ತೆಗೆದುಕೊಂಡು ಹಿಂಡು.

— ಕೈಯಲ್ಲೇ?

— ಕೈಯಲ್ಲೇ. ಚಮಚದಿಂದ ಅದುಮಿದರೆ ಮೇಲಿನದು ಹೋಗುತ್ತದೆ, ಎಳೆಗಳ ಸಂದಿಯದು ಉಳಿಯುತ್ತದೆ. ಬೆರಳು ಮಡಿಸಿ ಮೆಲ್ಲಗೆ ಬಿಗಿ ಮಾಡು. ನೋಡು, ಮೊದಲು ಧಾರೆಯಾಗಿ ಬಂತು, ಈಗ ಕಿರುಬೆರಳಿನ ಕಡೆಯಿಂದ ತೊಟ್ಟು ತೊಟ್ಟಾಗಿ ಕಲಕು ನೀರು. ಅದು ನಿಲ್ಲುವವರೆಗೆ ಹಿಂಡು. ನಿಂತಿತೇ? ಕೈ ಬಿಚ್ಚು. ನಿನ್ನ ಗೆರೆಗಳ ಅಚ್ಚು ಬಿದ್ದ ಉಂಡೆ ಕೂತಿದೆಯಲ್ಲ, ಅದನ್ನು ಎರಡು ಬೆರಳಲ್ಲಿ ತಿಕ್ಕು. ಹತ್ತಿಯ ಹಾಗೆ ಎಳೆ ಎಳೆಯಾಗಿ ಬಿಡಬೇಕು. ಇಲ್ಲಿನ 142 ಗ್ರಾಂ ಡಬ್ಬಿಯ ಮೇಲೆ ಬಸಿದ ತೂಕ 113 ಗ್ರಾಂ ಅಂತ ಸಾಮಾನ್ಯವಾಗಿ ಬರೆದಿರುತ್ತದೆ. ಆ 113ರಲ್ಲೂ ಇಷ್ಟು ನೀರು ಅಡಗಿರುತ್ತದೆ. ಡಬ್ಬಿಯಲ್ಲಿ ಮೀನು ಎಷ್ಟಿದೆ ಅಂತ ಅಳೆಯಲು ಈ ದೇಶದ ಸರ್ಕಾರ ಇಟ್ಟುಕೊಂಡ ಹಳೆಯ ಕ್ರಮವೂ ಇದೇ. ಯಂತ್ರದಲ್ಲಿ ಒತ್ತಿ, ನೀರೆಲ್ಲ ತೆಗೆದು, ಉಳಿದ ಬಿಲ್ಲೆಯನ್ನು ತೂಗುವುದು.

— ಈಗ ಮೇಯನೇಸ್ ಹಾಕಲೇ?

— ಅವಸರ ಬೇಡ. ಮೊದಲು ಈರುಳ್ಳಿ. ಚಿಕ್ಕದೊಂದನ್ನು ಆದಷ್ಟೂ ಸಣ್ಣಗೆ ಹೆಚ್ಚು. ಅದಕ್ಕೆ ಎರಡು ಚಿಟಿಕೆ ಉಪ್ಪು, ಅರ್ಧ ನಿಂಬೆಹಣ್ಣಿನ ರಸ. ಹತ್ತು ನಿಮಿಷ ಬಿಡು. ಹುಳಿ ಉಪ್ಪು ಎರಡೂ ಸೇರಿ ಖಾರ ಇಳಿಸುತ್ತವೆ, ಒಳಗಿನ ನೀರೂ ಹೊರಗೆ ಬರುತ್ತದೆ. ಆಮೇಲೆ ಅದನ್ನೂ ಹಿಂಡು. ಹಸಿ ಈರುಳ್ಳಿ ಹಾಗೇ ಹಾಕಿದರೆ ಸಂಜೆಯವರೆಗೆ ಬಾಯಲ್ಲಿ ಅದೇ ಇರುತ್ತದೆ. ನಿಮ್ಮಮ್ಮ ಸೌತೆಕಾಯಿ ಕೋಸಂಬರಿಗೆ ಉಪ್ಪು ಯಾವಾಗ ಹಾಕುತ್ತಾರೆ?

— ಎಲೆಗೆ ಬಡಿಸುವ ಹೊತ್ತಿಗೆ. ಮೊದಲೇ ಹಾಕಿದರೆ ನೀರು ಬಿಡುತ್ತದೆ ಅಂತ ಬೈಯುತ್ತಾರೆ.

— ಅದೇ ತಿಳಿವಳಿಕೆ ಇಲ್ಲೂ ಬೇಕು. ಕೋಸಂಬರಿ ಕೂಡಲೇ ತಿನ್ನುವುದು, ಅದಕ್ಕೆ ಉಪ್ಪು ಕೊನೆಗೆ. ಇದು ಫ್ರಿಜ್ಜಿನಲ್ಲಿ ಕೂರಬೇಕಾದದ್ದು, ಅದಕ್ಕೆ ಉಪ್ಪು ಮೊದಲಿಗೆ, ಬಿಡುವ ನೀರು ನಮ್ಮ ಕಣ್ಣೆದುರೇ ಬಿಟ್ಟುಹೋಗಲಿ.

— ಸೆಲರಿ ಬಿಟ್ಟುಬಿಡೋಣವೇ? ಆ ವಾಸನೆ ನನಗೆ ಔಷಧದ ಹಾಗೆ.

— ಬಿಡಬೇಡ ಅಂತ ನನ್ನ ಹಟ. ಇದರಲ್ಲಿ ಬೇರೆ ಎಲ್ಲವೂ ಮೆತ್ತಗಿವೆ, ಕರುಂ ಅನ್ನುವುದು ಒಂದಾದರೂ ಇರಬೇಕು. ನಿನಗೆ ಸೇರದಿರುವುದು ಹೊರಗಿನ ದಪ್ಪ ಕಡ್ಡಿಯ ನಾರು. ಒಳಗಿನ ಎಳೆಯ ಕಡ್ಡಿ ತೆಗೆದುಕೊ, ಮಸುಕು ಹಸಿರಿನದು. ಉದ್ದಕ್ಕೆ ಸೀಳಿ ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪಗೆ ಹೆಚ್ಚು. ಎರಡು ಡಬ್ಬಿಗೆ ಒಂದು ಕಡ್ಡಿ ಸಾಕು. ಅದರ ಎಲೆಯನ್ನೂ ಕತ್ತರಿಸಿ ಹಾಕು, ಕೊತ್ತಂಬರಿಯಂತೆ ಕೆಲಸ ಮಾಡುತ್ತದೆ. ಬೆಂಗಳೂರಿನಲ್ಲಿ ಮಾಡುವಾಗ ಒಳ್ಳೆ ಸೆಲರಿ ಸಿಗದಿದ್ದರೆ ನಾನು ಬೀಜ ತೆಗೆದ ಎಳೆ ಸೌತೆಕಾಯಿ ಹಾಕಿದ್ದೇನೆ, ಉಪ್ಪು ಹಾಕಿ ಹಿಂಡಿ. ಇನ್ನು ಆ ಬಾಟಲಿಯ ಸೌತೆ ಉಪ್ಪಿನಕಾಯಿ, ಸಬ್ಬಸಿಗೆ ಹಾಕಿದ್ದು, ಒಂದು ದೊಡ್ಡ ಚಮಚದಷ್ಟು ಕೊಚ್ಚು. ಒರೆಸಿ ಕೊಚ್ಚು.

— ಎಲ್ಲವನ್ನೂ ಹಿಂಡಿ, ಒರೆಸಿ ಒಣಗಿಸಿಬಿಟ್ಟೆವಲ್ಲ.

— ಇನ್ನು ಜಿಡ್ಡಿನ ಸರದಿ. ಒಣ ಎಳೆ ಮೊದಲು ಸಿಕ್ಕಿದ್ದನ್ನು ಕುಡಿಯುತ್ತದೆ. ಅದಕ್ಕೇ ಮೊದಲು ಎರಡು ಚಮಚ ಒಳ್ಳೆ ಆಲಿವ್ ಎಣ್ಣೆ, ಉಪ್ಪು, ಕಾಲು ಚಮಚ ಆಗತಾನೆ ಕುಟ್ಟಿದ ಕರಿಮೆಣಸು. ಫೋರ್ಕಿನಿಂದ ಬಿಡಿಸುತ್ತಾ ಕಲಸು. ಒಂದು ನಿಮಿಷ ಆಗಲಿ. ಈಗ ಒಂದು ಚೂರು ಬಾಯಿಗೆ ಹಾಕು. ಮೇಯನೇಸ್ ಇನ್ನೂ ಬಂದಿಲ್ಲ.

— ಇಷ್ಟಕ್ಕೇ ಚೆನ್ನಾಗಿದೆ. ಮೀನಿನ ರುಚಿ ಗೊತ್ತಾಗುತ್ತಿದೆ.

— ಹೀಗೆ ತಳಕ್ಕೆ ಎಣ್ಣೆ ಬಿದ್ದಿದ್ದರೆ ಮೇಯನೇಸ್ ಅರ್ಧದಷ್ಟು ಸಾಕು. ಎರಡು ಡಬ್ಬಿಗೆ ನಾಲ್ಕು ದೊಡ್ಡ ಚಮಚ. ಅಂಗಡಿಯದೇ ಆಗಲಿ, ನನಗೆ ಅದರಲ್ಲಿ ತಕರಾರಿಲ್ಲ. ರಿಚರ್ಡ್ ಹೆಲ್‌ಮನ್ ಅಂತ ಜರ್ಮನಿಯಿಂದ ಬಂದವನೊಬ್ಬ 1905ರಲ್ಲಿ ನ್ಯೂಯಾರ್ಕಿನಲ್ಲಿ ತಿಂಡಿ ಅಂಗಡಿ ತೆರೆದ, ಅಲ್ಲಿ ಗಿರಾಕಿಗಳಿಗೆ ಹಿಡಿಸಿದ ಮೇಯನೇಸ್ ಕೆಲವೇ ವರ್ಷಗಳಲ್ಲಿ ಬಾಟಲಿ ಸೇರಿ ಕಾರ್ಖಾನೆಯ ಸರಕಾಯಿತು. ಟ್ಯೂನಾ ಡಬ್ಬಿ, ಮೇಯನೇಸ್ ಬಾಟಲಿ, ಎರಡೂ ಹತ್ತಿರ ಹತ್ತಿರದ ಕಾಲದವು. ಇವೆರಡೂ ಅಡುಗೆಮನೆಯ ಕಪಾಟಿಗೆ ಬಂದಮೇಲೆ ಈ ಸ್ಯಾಂಡ್‌ವಿಚ್ ಯಾರು ಬೇಕಾದರೂ ಹತ್ತು ನಿಮಿಷದಲ್ಲಿ ಮಾಡುವಂಥದ್ದಾಯಿತು. ಇಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಡ್ಯೂಕ್ಸ್ ಅನ್ನುವ ಮೇಯನೇಸ್ ಬಳಸುತ್ತಾರೆ, ಅದಕ್ಕೆ ಸಕ್ಕರೆ ಹಾಕುವುದಿಲ್ಲ, ಹುಳಿ ಚುರುಕು. ನನಗೆ ಅದು ಇಷ್ಟ.

— ನಮ್ಮೂರಲ್ಲಿ ಸಿಗುವುದು ಮೊಟ್ಟೆಯಿಲ್ಲದ್ದು, ಸಿಹಿ ಸಿಹಿ.

— ಅದನ್ನು ಹಾಕಿದರೆ ಮೀನು ಸಪ್ಪೆಯಾಗುತ್ತದೆ. ಇಲ್ಲಿ ಮೇಯನೇಸ್ ಅಂತ ಕರೆಯಬೇಕಾದರೆ ತೂಕದಲ್ಲಿ ಶೇಕಡಾ 65ಕ್ಕೆ ಕಡಿಮೆಯಿಲ್ಲದಷ್ಟು ಎಣ್ಣೆ ಇರಬೇಕು, ಮೊಟ್ಟೆಯ ಹಳದಿಯೂ ಇರಬೇಕು. ಆ ಹಳದಿಯಲ್ಲಿರುವ ಲೆಸಿಥಿನ್ ಎಣ್ಣೆಯ ಹನಿಗಳನ್ನು ಹುಳಿನೀರಿನಲ್ಲಿ ಒಂದಕ್ಕೊಂದು ಸೇರದಂತೆ ಹಿಡಿದಿಡುತ್ತದೆ. ಊರಲ್ಲಿ ಮಾಡುವಾಗ ಮೊಟ್ಟೆಯದನ್ನೇ ಹುಡುಕು. ಸಿಗಲಿಲ್ಲವೋ, ಮನೆಯಲ್ಲೇ ಕಡೆ. ಒಂದು ಹಳದಿ, ಒಂದು ಚಮಚ ಸಾಸಿವೆ ಪೇಸ್ಟು, ಎರಡು ಚಮಚ ನಿಂಬೆರಸ, ಉಪ್ಪು. ಕಡೆಯುತ್ತಾ ಮುಕ್ಕಾಲು ಬಟ್ಟಲು ಸೂರ್ಯಕಾಂತಿ ಎಣ್ಣೆಯನ್ನು ಮೊದಲು ಹನಿಹನಿಯಾಗಿ, ಬಿಗಿಯಾದ ಮೇಲೆ ಸಣ್ಣ ಧಾರೆಯಾಗಿ. ಹಸಿ ಮೊಟ್ಟೆ ಆದದ್ದರಿಂದ ಬಸುರಿಯರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಅದು ಬೇಡ.

— ಸಾಸಿವೆ ಒಗ್ಗರಣೆ, ಹಸಿಮೆಣಸು, ಚೂರು ಶುಂಠಿ ಹಾಕಿದರೆ?

— ನಿನ್ನ ಬಟ್ಟಲಿಗೆ ಹಾಕಿಕೊ. ಹಸಿಮೆಣಸು ಚೆನ್ನಾಗಿ ಹೊಂದುತ್ತದೆ, ನಾನೂ ಹಾಕಿದ್ದೇನೆ. ಆದರೆ ಮೊದಲು ಮಸಾಲೆಯಿಲ್ಲದೆ ಮಾಡಿ ತಿಂದು ನೋಡು. ಮೀನಿನ ಸಿಹಿ, ನಿಂಬೆಯ ಹುಳಿ, ಡಿಜೋನ್ ಸಾಸಿವೆಯ ಮೂಗಿಗೇರುವ ಘಾಟು ಒಂದು ಚಮಚದಷ್ಟು, ಇವು ಮೂರೂ ಬೇರೆ ಬೇರೆಯಾಗಿ ನಾಲಿಗೆಗೆ ಸಿಗಬೇಕು. ಒಗ್ಗರಣೆ ಬಿದ್ದರೆ ಒಗ್ಗರಣೆಯೇ ಮಾತಾಡುತ್ತದೆ.

— ನಮ್ಮ ಕಡೆಯ ಟ್ಯೂನಾ ಅಂದರೆ ನನಗೆ ನೆನಪಾಗುವುದು ಲಕ್ಷದ್ವೀಪದವರ ಮಾಸ್. ಮಂಗಳೂರು ಹಳೇ ಬಂದರಿಗೆ ಅಲ್ಲಿನ ಮಂಜಿ ಹಡಗುಗಳು ಬರುತ್ತವೆ. ಅಜ್ಜನಿಗೆ ಆ ದ್ವೀಪದವರ ಪರಿಚಯವಿತ್ತು. ಅಮಿನ್‌ದಿವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವಲ್ಲ.

— ಒಳ್ಳೆಯದನ್ನು ನೆನಪಿಸಿದೆ. ಮಾಸ್ ಅಂದರೆ ಬೇಯಿಸಿ, ಹೊಗೆ ಹಾಕಿ, ಬಿಸಿಲಲ್ಲಿ ಮರದ ತುಂಡಿನಂತಾಗುವವರೆಗೆ ಒಣಗಿಸಿದ ಸ್ಕಿಪ್‌ಜ್ಯಾಕ್. ಮಿನಿಕಾಯ್‌ನವರು, ಮಾಲ್ಡೀವ್ಸಿನವರು ಬಲೆ ಬೀಸದೆ ಗಳದ ತುದಿಯ ಗಾಳದಿಂದ ಒಂದೊಂದೇ ಮೀನು ಎತ್ತುತ್ತಾರೆ. ಬಲೆಯ ಕಥೆ ಬೇರೆ. ಪೂರ್ವ ಪೆಸಿಫಿಕ್‌ನಲ್ಲಿ ಯೆಲ್ಲೋಫಿನ್ ಹಿಂಡು ಡಾಲ್ಫಿನ್‌ಗಳ ಕೆಳಗೇ ಈಜುತ್ತದೆ. ದೊಡ್ಡ ಬಲೆ ಸುತ್ತಿದಾಗ ಡಾಲ್ಫಿನ್‌ಗಳೂ ಸಿಕ್ಕಿ ಸಾಯುತ್ತಿದ್ದವು. ಜನ ತಿರುಗಿಬಿದ್ದ ಮೇಲೆ 1990ರಲ್ಲಿ ಇಲ್ಲಿ ಕಾನೂನು ಬಂತು, ಡಬ್ಬಿಯ ಮೇಲೆ ಡಾಲ್ಫಿನ್ ಗುರುತೂ ಬಂತು. ಗಾಳದ ಮೀನು ಅಂತ ಬರೆದ ಡಬ್ಬಿ ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ನಾನು ಅದನ್ನೇ ಕೊಳ್ಳುತ್ತೇನೆ. ಮಾಲ್ಡೀವ್ಸಿನಲ್ಲಿ ಬೆಳಗಿನ ತಿಂಡಿಗೆ ಇದೇ ಸ್ಕಿಪ್‌ಜ್ಯಾಕ್ ಮೀನಿಗೆ ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆ ಹಾಕಿ ಕೈಯಲ್ಲೇ ಕಿವುಚಿ ರೊಟ್ಟಿಯ ಜೊತೆ ತಿನ್ನುತ್ತಾರೆ, ಮಾಸ್ ಹುನಿ. ಅಲ್ಲಿ ಮೇಯನೇಸಿನ ಕೆಲಸ ತೆಂಗಿನಕಾಯಿಯದು. ಒಣ ಮೀನಿಗೆ ಜಿಡ್ಡು ಬೇಕು, ಜಿಡ್ಡಿಗೆ ಹುಳಿ ಬೇಕು. ಅದನ್ನು ಅವರೂ ಕಂಡುಕೊಂಡಿದ್ದಾರೆ.

— ಅದನ್ನೇ ಬ್ರೆಡ್ಡಿನ ನಡುವೆ ಇಟ್ಟರೆ?

— ಇಡು, ಬಲು ರುಚಿ. ತೆಂಗಿನ ತುರಿ ಹಾಕಿದ ದಿನವೇ ತಿಂದು ಮುಗಿಸು. ಈಗ ನಮ್ಮದಕ್ಕೆ ಬಾ. ಈರುಳ್ಳಿ, ಸೆಲರಿ, ಉಪ್ಪಿನಕಾಯಿ, ಸಾಸಿವೆ, ಮೇಯನೇಸ್ ಎಲ್ಲ ಹಾಕಿ ಹಗುರ ಕೈಯಲ್ಲಿ ಕಲಸು. ಅರೆಯಬೇಡ, ಅಲ್ಲಲ್ಲಿ ಆಲ್ಬಕೋರಿನ ತುಂಡು ಇಡಿಯಾಗಿ ಉಳಿಯಲಿ. ಮುಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡು. ತೆಗೆದ ಮೇಲೆ ಉಪ್ಪು, ನಿಂಬೆ ಇನ್ನೊಮ್ಮೆ ನೋಡು. ತಣ್ಣಗಾದಾಗ ಎರಡೂ ಮಂಕಾಗುತ್ತವೆ.

— ಬ್ರೆಡ್ಡು ಯಾವುದು?

— ಸಿಹಿಯಿಲ್ಲದ, ಸ್ವಲ್ಪ ಬಿಗಿಯಿರುವ ಯಾವುದಾದರೂ. ಇಲ್ಲಿ ನಾನು ರೈ ಬ್ರೆಡ್ಡು ತರುತ್ತೇನೆ, ಅದರ ಹುಳಿ ಮೀನಿಗೆ ಒಪ್ಪುತ್ತದೆ. ಬೆಂಗಳೂರಿನ ಅಯ್ಯಂಗಾರ್ ಬೇಕರಿಯ ಬ್ರೆಡ್ಡು ಮೆತ್ತಗೆ, ಸಿಹಿ. ಅದು ಖಾರದ ಪಲ್ಯಕ್ಕೆ ಸೊಗಸು, ಇದಕ್ಕೆ ಬೇಕಾದರೆ ಚೆನ್ನಾಗಿ ಕಾಯಿಸಬೇಕು. ಹೇಗೆ ಕಾಯಿಸುವುದು ಅನ್ನುವುದು ಬ್ರೆಡ್ಡಿನ ಜಾತಿಗಿಂತ ಮುಖ್ಯ. ಕಾವಲಿಯ ಮೇಲೆ ಬೆಣ್ಣೆ ಹಾಕಿ ಒಂದೇ ಬದಿ ಹೊಂಬಣ್ಣಕ್ಕೆ ತಾ. ಆ ಬದಿ ಒಳಗೆ ಬರಬೇಕು.

— ಒಳಗೆ? ಹೊರಗಲ್ಲವೇ?

— ಒಳಗೆ. ಗರಿಯಾದ, ಬೆಣ್ಣೆ ಕುಡಿದ ಆ ಪದರಿನ ಮೇಲೆ ಹೂರಣ ಕೂತರೆ ತೇವ ಬ್ರೆಡ್ಡಿಗೆ ಇಳಿಯಲು ಹೊತ್ತು ಹಿಡಿಯುತ್ತದೆ. ಹೊರಬದಿ ಮೆತ್ತಗಿರುವುದರಿಂದ ಕಚ್ಚುವಾಗ ಅಂಗುಳ ಕೆರೆಯುವುದಿಲ್ಲ, ಹೂರಣ ಪಕ್ಕಕ್ಕೆ ಜಾರುವುದೂ ಇಲ್ಲ. ತಳಕ್ಕೆ ಒರೆಸಿದ ಲೆಟ್ಯೂಸ್ ಎಲೆ, ಮೇಲೆ ಒಂದು ಬೆರಳು ದಪ್ಪದಷ್ಟು ಟ್ಯೂನಾ. ಟೊಮೆಟೊ ಬೇಕಾದರೆ ಬಿಲ್ಲೆ ಮಾಡಿ ಉಪ್ಪು ಸವರಿ, ಬಟ್ಟೆಯ ಮೇಲೆ ಐದು ನಿಮಿಷ ಇಟ್ಟು ಆಮೇಲೆ ಇಡು. ಫ್ರಾನ್ಸಿನ ನೀಸ್ ನಗರದಲ್ಲಿ ಪಾನ್ ಬಾನ್ಯಾ ಅಂತ ಟ್ಯೂನಾ ಸ್ಯಾಂಡ್‌ವಿಚ್ ಇದೆ. ಅಲ್ಲಿ ಬ್ರೆಡ್ಡನ್ನು ಬೇಕೆಂದೇ ನೆನೆಸುತ್ತಾರೆ, ಆಲಿವ್ ಎಣ್ಣೆಯಿಂದ, ಟೊಮೆಟೊ ರಸದಿಂದ. ಅದು ಗಟ್ಟಿ ಸಿಪ್ಪೆಯ ದುಂಡು ಬ್ರೆಡ್ಡು, ತಾಳಿಕೊಳ್ಳುತ್ತದೆ. ಈ ಹಾಳೆ ಬ್ರೆಡ್ಡು ತಾಳುವುದಿಲ್ಲ.

— ಚೀಸ್ ಇಟ್ಟು ಬಿಸಿ ಮಾಡುತ್ತಾರಲ್ಲ?

— ಟ್ಯೂನಾ ಮೆಲ್ಟ್. ಆಗ ಕಾಯಿಸಿದ ಬದಿ ಹೊರಗೆ, ಚೆಡ್ಡಾರ್ ಎರಡು ಕಡೆಗೂ. ಹೂರಣ ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತಾಗಿರಬೇಕು, ಇಲ್ಲದಿದ್ದರೆ ಚೀಸ್ ಕರಗುವಷ್ಟರಲ್ಲಿ ಬ್ರೆಡ್ಡು ಸೀಯುತ್ತದೆ. ಉರಿ ಸಣ್ಣಗಿರಲಿ. ಅಷ್ಟೇ. ತಿನ್ನು ಈಗ.

— ಕ್ಯಾಂಟೀನಿನದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಸೆಲರಿ ಔಷಧದ ಹಾಗಿಲ್ಲ, ನಿಂಬೆಯ ಜೊತೆ ಬರುತ್ತಿದೆ. ಉಳಿದದ್ದನ್ನು ನಾಳೆ ಲ್ಯಾಬಿಗೆ ಒಯ್ಯುತ್ತೇನೆ. ಮೇಯನೇಸ್ ಹಾಕಿದ್ದರಿಂದ ಕೆಡುವುದೇ?

— ಬಾಟಲಿಯ ಮೇಯನೇಸ್ ಹುಳಿ, ಅದರಿಂದಲೇ ಕೆಡುತ್ತದೆ ಅನ್ನುವುದು ತಪ್ಪು. ನೋಡಿಕೊಳ್ಳಬೇಕಾದದ್ದು ಮೀನನ್ನು. ಟ್ಯೂನಾ ಬೆಚ್ಚಗೆ ಕೂತರೆ ಸೂಕ್ಷ್ಮಾಣುಗಳು ಅದರ ಹಿಸ್ಟಿಡಿನ್ ಅನ್ನು ಹಿಸ್ಟಮಿನ್ ಮಾಡುತ್ತವೆ. ಮುಖ ಕೆಂಪಾಗಿ ತಲೆನೋವು ಬರುತ್ತದೆ. ಒಮ್ಮೆ ಹಾಗಾದರೆ ಮತ್ತೆ ಬೇಯಿಸಿದರೂ ಹೋಗುವುದಿಲ್ಲ. ಫ್ರಿಜ್ಜಿನಲ್ಲಿ 4 ಡಿಗ್ರಿ ಸೆಲ್ಸಿಯಸ್‌ನೊಳಗೆ ಮೂರು ನಾಲ್ಕು ದಿನ ಇರುತ್ತದೆ. ಹೊರಗೆ ಎರಡು ಗಂಟೆಗಿಂತ ಹೆಚ್ಚು ಬೇಡ, 32 ಡಿಗ್ರಿ ದಾಟಿದ ಬಿಸಿಲಿದ್ದರೆ ಒಂದೇ ಗಂಟೆ. ಹೂರಣವನ್ನು ಗಾಜಿನ ಡಬ್ಬಿಯಲ್ಲಿ ಐಸ್ ಪ್ಯಾಕಿನ ಜೊತೆ ಒಯ್ಯಿ, ಬ್ರೆಡ್ಡು ಬೇರೆ ಒಯ್ಯಿ. ತಿನ್ನುವ ಹೊತ್ತಿಗೆ ಸೇರಿಸು.

— ಮುಂದಿನ ಸಲ ಎರಡೂ ಡಬ್ಬಿ ಸ್ಕಿಪ್‌ಜ್ಯಾಕೇ ತರುತ್ತೇನೆ. ಕೇದರ್‌ನ ರುಚಿ ಜಾಸ್ತಿ ಬರಲಿ.

— ತಾ. ಚೂರಾಗಿರುತ್ತದೆ, ಹಿಂಡುವಾಗ ಬೆರಳ ಸಂದಿಯಲ್ಲಿ ಜಾರುತ್ತದೆ, ಜರಡಿಯ ಮೇಲೇ ಹಿಂಡು. ನಿಂಬೆ ಅರ್ಧದ ಬದಲು ಮುಕ್ಕಾಲು ಹಾಕು.